ತಾತನ ಟ್ರಂಕಿನ ಹಿತ್ತಾಳೆ ಬಿಲ್ಲೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು, ಯಲಹಂಕ ದಾಟಿ ದೇವನಹಳ್ಳಿಯ ಕಡೆಗೆ ಹೊರಟವರಿಗೆ ರಸ್ತೆಯ ಬದಿಯಲ್ಲೇ ಹಳೆಯ ಕಲ್ಲುಕೋಟೆಯೊಂದು ಕಾಣಿಸುತ್ತದೆ. ಅದೇ ಚಿಕ್ಕಜಾಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ದಾರಿಯಲ್ಲಿ ಹೋಗುವವರಿಗೆಲ್ಲ ಅವಸರ. ಕೋಟೆಯ ಕಡೆಗೆ ಕತ್ತು ತಿರುಗಿಸುವಷ್ಟು ಪುರುಸೊತ್ತೂ ಇರುವುದಿಲ್ಲ. ಊರಿನ ಮಕ್ಕಳ ಕಣ್ಣಾದರೋ ಸದಾ ಆಕಾಶದ ಮೇಲೆ. ಹತ್ತಿರದಲ್ಲೇ ಯಲಹಂಕದ ವಾಯುಪಡೆ ನೆಲೆ. ಸಾರಿಗೆ ವಿಮಾನಗಳನ್ನು ನಡೆಸುವವರಿಗೆ ತರಬೇತಿ ಕೊಡುವ ಜಾಗ ಅದು. 1996ರಲ್ಲಿ ಆರಂಭವಾದ ‘ಏರೋ ಇಂಡಿಯಾ’ ಪ್ರದರ್ಶನವೂ ಅಲ್ಲಿಯೇ ನಡೆಯುತ್ತ ಬಂದಿದೆ.

ಇಂಥ ಕಡೆ ಬೆಳೆಯುವ ಮಕ್ಕಳಿಗೆ ಸಮವಸ್ತ್ರವೇನೂ ಹೊಸದಲ್ಲ. ಬಸ್ ಸ್ಟಾಪಿನಲ್ಲಿ ನಿಂತ ವಾಯುಪಡೆಯವರ ತೋಳಿನ ಪಟ್ಟಿಗಳನ್ನು ಎಣಿಸುವ ಹುಡುಗರಿದ್ದಾರೆ. ಎರಡಿದ್ದರೆ ಕಾರ್ಪೊರಲ್, ಮೂರಿದ್ದರೆ ಸಾರ್ಜೆಂಟ್ ಎಂದು ಪಂದ್ಯ ಕಟ್ಟುವವರಿದ್ದಾರೆ. ಸೇನೆಯ ಬ್ಯಾಡ್ಜುಗಳನ್ನು ಸಂಗ್ರಹಿಸುವ ಹವ್ಯಾಸ ಹುಟ್ಟುವುದು ಇಂಥ ಎಣಿಕೆಯಿಂದಲೇ. ಅಂಚೆಚೀಟಿ, ನಾಣ್ಯಗಳಷ್ಟು ಇದು ನಮ್ಮಲ್ಲಿ ಪ್ರಚಾರಕ್ಕೆ ಬಂದಿಲ್ಲ. ಆದರೆ ಚರಿತ್ರೆ ಕಲಿಸುವುದರಲ್ಲಿ ಇದು ಅವುಗಳಿಗೆ ಕಡಿಮೆಯೇನಲ್ಲ.

ಈ ಕಡೆಯ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದ ತಾತ. ಮಂಚದ ಕೆಳಗೆ ಅವರ ಕಬ್ಬಿಣದ ಟ್ರಂಕು. ವರ್ಷಕ್ಕೊಮ್ಮೆ, ಹಬ್ಬಕ್ಕೆ ಮನೆ ಗುಡಿಸುವಾಗ, ಅದರ ಮುಚ್ಚಳ ತೆರೆಯುತ್ತದೆ. ಏಳನೇ ಕ್ಲಾಸಿನ ಮೊಮ್ಮಗ ತಳಕ್ಕೆ ಕೈ ಹಾಕಿ ಹಿತ್ತಾಳೆಯ ಬಿಲ್ಲೆಯೊಂದನ್ನು ಹೊರಗೆ ತೆಗೆಯುತ್ತಾನೆ.

“ತಾತ, ಇದೇನು?”

“ಅದು ನಮ್ಮ ಟೋಪಿ ಬಿಲ್ಲೆ ಕಣೋ. ಎಂ.ಇ.ಜಿ. ಸೆಂಟರಿನಲ್ಲಿ ಕಸಂ ಪೆರೇಡಿನ ದಿನ ಹಾಕಿಕೊಂಡಿದ್ದು.”

“ಇನ್ನೊಂದು ಇದೆಯಲ್ಲ, ಇದರ ಮೇಲೆ ಸಿಂಹ ಇಲ್ಲ, ಕಿರೀಟ ಇದೆ?”

“ಅದು ನಮ್ಮಪ್ಪಂದು. ಅವರ ಕಾಲದಲ್ಲಿ ರಾಜನ ಸರ್ಕಾರ.”

ಅಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತದೆ. ಟ್ರಂಕು ಮುಚ್ಚುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಅದು ಮತ್ತೆ ಮುಂದುವರಿಯುವುದೇ ಇಲ್ಲ. ತಾತ ಹೋದ ಮೇಲೆ ಟ್ರಂಕು ಗುಜರಿಗೆ ಹೋಗುತ್ತದೆ, ಬಿಲ್ಲೆಗಳನ್ನು ಹಿತ್ತಾಳೆಯ ತೂಕಕ್ಕೆ ಹಾಕುತ್ತಾರೆ. ಅದು ಯಾರದು, ಯಾವ ಪಲ್ಟನ್ನಿನದು, ಯಾವ ಊರಿನ ಯಾವ ಚಳಿಯಲ್ಲಿ ಅದನ್ನು ತಿಕ್ಕಿ ಹೊಳೆಯಿಸುತ್ತಿದ್ದರು ಎಂಬುದೆಲ್ಲ ತಕ್ಕಡಿಗೆ ಬೇಕಾಗಿಲ್ಲ. ಬ್ಯಾಡ್ಜು ಸಂಗ್ರಹವೆಂದರೆ ನಿಜವಾಗಿ ಆ ನಿಂತ ಮಾತನ್ನು ಮುಂದುವರಿಸುವ ಕೆಲಸ.

ಕಿರೀಟವೋ, ಸಿಂಹವೋ?

ಬ್ಯಾಡ್ಜು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರ ನೆತ್ತಿಯನ್ನು. 1950ರ ಜನವರಿ 26ರಂದು ಭಾರತ ಗಣರಾಜ್ಯವಾಯಿತು. ಅಂದಿನಿಂದ ಸೇನೆಯ ಲಾಂಛನಗಳ ಮೇಲಿದ್ದ ಬ್ರಿಟಿಷ್ ಕಿರೀಟ ಇಳಿದು, ಆ ಜಾಗಕ್ಕೆ ಸಾರನಾಥದ ಅಶೋಕ ಸ್ತಂಭದ ಸಿಂಹಗಳು ಬಂದವು. ‘ರಾಯಲ್ ಇಂಡಿಯನ್ ಏರ್ ಫೋರ್ಸ್’ ಬರೀ ‘ಇಂಡಿಯನ್ ಏರ್ ಫೋರ್ಸ್’ ಆಯಿತು. ‘ರಾಯಲ್ ಇಂಡಿಯನ್ ನೇವಿ’ಯಿಂದಲೂ ‘ರಾಯಲ್’ ಬಿತ್ತು. ಅಧಿಕಾರಿಗಳ ಹೆಗಲ ಮೇಲೆ ‘ಆರ್ಡರ್ ಆಫ್ ದಿ ಬಾತ್’ ಎಂಬ ಬ್ರಿಟಿಷ್ ಪದವಿಯ ನಕ್ಷತ್ರವಿದ್ದ ಕಡೆ ಐದು ಮೂಲೆಯ ನಕ್ಷತ್ರ ಬಂತು. ಹಾಗಾಗಿ ಕಿರೀಟವಿದ್ದರೆ 1950ಕ್ಕೆ ಹಿಂದಿನದು, ಸಿಂಹವಿದ್ದರೆ ಈಚಿನದು ಎಂಬುದು ಮೊದಲ ಪಾಠ.

ಕಿರೀಟದಲ್ಲೂ ಭೇದವಿದೆ. ವಿಕ್ಟೋರಿಯಾ ರಾಣಿ 1901ರಲ್ಲಿ ತೀರಿಕೊಂಡರು. ಅವರ ಕಾಲದ ಬ್ಯಾಡ್ಜುಗಳ ಕಿರೀಟಕ್ಕೂ ಆಮೇಲೆ ಬಂದ ರಾಜರ ಕಾಲದ ಕಿರೀಟಕ್ಕೂ ಆಕಾರ ಬೇರೆ. ರಾಜರ ಕಿರೀಟದ ಕಮಾನು ಗುಮ್ಮಟದಂತೆ ಉಬ್ಬಿರುತ್ತದೆ. 1952ರಲ್ಲಿ ಎರಡನೆಯ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಬ್ರಿಟನ್ನಿನ ಬ್ಯಾಡ್ಜುಗಳಲ್ಲಿ ಮೂರನೆಯ ಬಗೆಯ ಕಿರೀಟ ಬಂತು; ಅದರ ಕಮಾನು ನಡುವೆ ತಗ್ಗಿರುತ್ತದೆ. ಅಷ್ಟು ಹೊತ್ತಿಗೆ ಭಾರತ ಗಣರಾಜ್ಯವಾಗಿತ್ತು. ಆದ್ದರಿಂದ ಎಲಿಜಬೆತ್ ರಾಣಿಯ ಕಿರೀಟವುಳ್ಳ ‘ಭಾರತೀಯ ಸೇನೆಯ ಬ್ಯಾಡ್ಜು’ ಎಂದು ಯಾರಾದರೂ ಮಾರಲು ಬಂದರೆ, ಏಳನೇ ಕ್ಲಾಸಿನ ಹುಡುಗನೂ ತಲೆ ಅಲ್ಲಾಡಿಸಿ ಹಿಂದಕ್ಕೆ ಕೊಡಬಹುದು. ಇಸವಿಗಳನ್ನು ಬಾಯಿಪಾಠ ಮಾಡಲು ಒಲ್ಲದ ಮಕ್ಕಳು ಈ ಲೆಕ್ಕವನ್ನು ಮಾತ್ರ ಮರೆಯುವುದಿಲ್ಲ.

ನೆತ್ತಿಯ ನಂತರ ನಡುವಿನ ಚಿತ್ರ. ಗೂರ್ಖಾ ರೈಫಲ್ಸ್‌ನವರದು ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಕುಕ್ರಿ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಲಾಂಛನದಲ್ಲಿ ಕಹಳೆ, ಕತ್ತಿ, ಗುರಾಣಿ. ಕಹಳೆ ಏಕೆಂದರೆ, ಹಗುರ ಸಾಮಾನು ಹೊತ್ತು ವೇಗವಾಗಿ ನಡೆಯುವ ‘ಲೈಟ್’ ಪಡೆಗಳಿಗೆ ಹಿಂದೆ ಆಜ್ಞೆ ಹೋಗುತ್ತಿದ್ದುದು ಕಹಳೆಯ ದನಿಯಲ್ಲೇ. ಮದ್ರಾಸ್ ರೆಜಿಮೆಂಟಿನವರದು ಆನೆ. 1803ರಲ್ಲಿ ಅಸಾಯೆ ಎಂಬಲ್ಲಿ ನಡೆದ ಯುದ್ಧದ ನೆನಪು ಅದು. ಎಂ.ಇ.ಜಿ. ಎಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಲ್ಲಿ ಹುಟ್ಟಿ, ಹಲಸೂರಿನ ಬಳಿ ಬಹುಕಾಲದಿಂದ ನೆಲೆನಿಂತದ್ದು. ಎಂಜಿನಿಯರ್ ದಳದ ಧ್ಯೇಯವಾಕ್ಯ ಒಂದೇ ಪದ: ‘ಸರ್ವತ್ರ’. ಸೇತುವೆ ಕಟ್ಟುವವರು, ನೆಲಬಾಂಬು ತೆಗೆಯುವವರು ಎಲ್ಲೆಲ್ಲೂ ಬೇಕಷ್ಟೆ. ಒಂದೊಂದು ಚಿತ್ರದ ಹಿಂದೆ ಹೋದರೆ ಒಂದೊಂದು ಊರು, ಒಂದೊಂದು ಇಸವಿ ಸಿಗುತ್ತದೆ.

ಹೋದ ದಳ, ಉಳಿದ ಗಂಡಭೇರುಂಡ

ಕನ್ನಡದ ಹುಡುಗನಿಗೆ ಎಲ್ಲಕ್ಕಿಂತ ಹತ್ತಿರದ ಬ್ಯಾಡ್ಜು ಯಾವುದೆಂದರೆ ಎರಡು ತಲೆಯ ಹಕ್ಕಿಯದು. ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿರುವ ಗಂಡಭೇರುಂಡ ಮೈಸೂರು ಅರಸರ ಲಾಂಛನವಾಗಿತ್ತು. ಸಂಸ್ಥಾನದ ಸೇನೆಯವರ ಬ್ಯಾಡ್ಜುಗಳಲ್ಲಿಯೂ ಅದೇ ಇತ್ತು. ಆ ಸೇನೆಯ ಕುದುರೆ ಸವಾರರ ದಳ ‘ಮೈಸೂರು ಲಾನ್ಸರ್ಸ್’. ಲಾನ್ಸ್ ಎಂದರೆ ಭರ್ಜಿ.

ಮೊದಲನೆಯ ಮಹಾಯುದ್ಧದಲ್ಲಿ ಈ ಭರ್ಜಿ ಸವಾರರು ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರೊಂದಿಗೆ ಸಮುದ್ರ ದಾಟಿದರು. ಮೊದಲು ಸೂಯೆಜ್ ಕಾಲುವೆಯ ಕಾವಲು. ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರಿನ ಮೇಲೆ ದಾಳಿ. ಎದುರಿಗೆ ತುರ್ಕರ, ಜರ್ಮನರ ಫಿರಂಗಿಗಳೂ ಮೆಷಿನ್‌ಗನ್ನುಗಳೂ. ಇತ್ತ ಕಡೆ ಕುದುರೆ, ಕತ್ತಿ, ಭರ್ಜಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರೆ, ಜೋಧಪುರದವರು ಊರೊಳಕ್ಕೆ ನುಗ್ಗಿದರು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಂದೇ ಮಡಿದರು. ಸಂಜೆಯೊಳಗೆ ಊರು ಕೈವಶವಾಯಿತು. ಸೆರೆ ಸಿಕ್ಕಿದವರು 1,350 ಮಂದಿ. ದೆಹಲಿಯ ‘ತೀನ್ ಮೂರ್ತಿ’ಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು.

ಇದಕ್ಕಾಗಿ ದೆಹಲಿಗೇ ಹೋಗಬೇಕಾಗಿಲ್ಲ. ಚಿಕ್ಕಜಾಲದಿಂದ ಹೆಬ್ಬಾಳದ ಮೇಲೆ ಬಂದರೆ, ಆರ್.ಟಿ. ನಗರದ ಆಚೆ ಜೆ.ಸಿ. ನಗರದಲ್ಲಿ ಮೈಸೂರು ಲಾನ್ಸರ್ಸ್ ಸ್ಮಾರಕ ಸ್ತಂಭವಿದೆ. ಊರು ಬಿಟ್ಟು ಹೋಗಿ ತಿರುಗಿ ಬಾರದವರ ಸ್ಮರಣೆಗೆ ನಿಲ್ಲಿಸಿದ ಕಲ್ಲು ಅದು. ದಿನವೂ ಅದರ ಮುಂದೆ ಓಡಾಡುವ ಶಾಲೆಯ ಮಕ್ಕಳು ಎಷ್ಟೋ ಮಂದಿ. ನಿಂತು ಓದುವವರು ಕಡಿಮೆ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಸೇನೆಗಳು ಭಾರತೀಯ ಸೇನೆಯಲ್ಲಿ ಸೇರಿದವು. ಕುದುರೆ ಸವಾರರ ದಳಗಳನ್ನೆಲ್ಲ ಒಟ್ಟುಗೂಡಿಸಿ 1953ರಲ್ಲಿ ‘61ನೆಯ ಕ್ಯಾವಲ್ರಿ’ಯನ್ನು ಕಟ್ಟಲಾಯಿತು. ಮೈಸೂರು ಲಾನ್ಸರ್ಸ್ ಎಂಬ ಹೆಸರು ಅಲ್ಲಿಗೆ ಮುಗಿಯಿತು. 61ನೆಯ ಕ್ಯಾವಲ್ರಿಯವರು ಪ್ರತಿ ಸೆಪ್ಟೆಂಬರ್ 23ರಂದು ಹೈಫಾ ದಿನವನ್ನು ಆಚರಿಸುತ್ತಾರೆ. ಗಂಡಭೇರುಂಡದ ಹಿತ್ತಾಳೆ ಬಿಲ್ಲೆಗಳು ಮಾತ್ರ ಯಾರ ಯಾರ ಮನೆಯ ಅಟ್ಟದಲ್ಲಿ ಉಳಿದವೋ ಅಷ್ಟೇ. ಅವನ್ನು ಮತ್ತೆ ಅಚ್ಚು ಹಾಕುವ ದಳ ಇಲ್ಲ. ಒಂದು ಗುಜರಿಯಲ್ಲಿ ಕರಗಿದರೆ ಒಂದು ಕಡಿಮೆಯಾದ ಹಾಗೆಯೇ.

ಬಿಲ್ಲೆಯೊಳಗಿನ ವಿಜ್ಞಾನ

ಹಳೆಯ ಟೋಪಿ ಬ್ಯಾಡ್ಜುಗಳನ್ನು ಉಕ್ಕಿನ ಅಚ್ಚಿನ ನಡುವೆ ತಗಡನ್ನಿಟ್ಟು ಒತ್ತಿ ಮಾಡುತ್ತಿದ್ದರು. ಲೋಹ ಹಿತ್ತಾಳೆ, ಇಲ್ಲವೆ ‘ವೈಟ್ ಮೆಟಲ್’ ಎನ್ನುವ ಬಿಳಿಯ ಮಿಶ್ರಲೋಹ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಎರಡನೆಯ ಮಹಾಯುದ್ಧದಲ್ಲಿ ಲೋಹದ ಬರ ಬಿದ್ದಾಗ ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಬ್ಯಾಡ್ಜುಗಳನ್ನೂ ಮಾಡಿದ್ದುಂಟು. ಯುದ್ಧದ ನಂತರದ ವರ್ಷಗಳಲ್ಲಿ ಬಣ್ಣಗಟ್ಟಿದ ಅಲ್ಯುಮಿನಿಯಮ್ ಬಂತು. ಅದು ಹಗುರ, ತಿಕ್ಕಬೇಕಾಗಿಲ್ಲ. ಇನ್ನು ಜರಿಯಲ್ಲಿ ಕೈಯಿಂದ ಹೊಲಿದ ಬ್ಯಾಡ್ಜುಗಳದು ಬೇರೆಯೇ ಲೋಕ. ವಾರಾಣಸಿಯ ಜರ್ದೋಜಿ ಕುಶಲಿಗಳು ನಮ್ಮ ಸೇನೆಗಷ್ಟೇ ಅಲ್ಲ, ಹಲವು ಪರದೇಶಗಳ ಸೇನೆಗಳಿಗೂ ಇಂಥ ಬ್ಯಾಡ್ಜುಗಳನ್ನು ಹೊಲಿದು ಕೊಡುತ್ತಾರೆ.

ಸಂಗ್ರಾಹಕನಿಗೆ ದೊಡ್ಡ ತಲೆನೋವು ನಕಲು. ಅಸಲಿಯನ್ನು ಮರಳಿನಲ್ಲಿ ಒತ್ತಿ, ಆ ಗುಳಿಗೆ ಕರಗಿದ ಲೋಹ ಹೊಯ್ದು ನಕಲು ತೆಗೆಯುತ್ತಾರೆ. ಆದರೆ ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಹಿತ್ತಾಳೆ ನೂರಕ್ಕೆ ಒಂದೆರಡು ಪಾಲಿನಷ್ಟು ಕುಗ್ಗುವುದರಿಂದ, ನಕಲು ಅಸಲಿಗಿಂತ ಸ್ವಲ್ಪ ಚಿಕ್ಕದಾಗಿರುತ್ತದೆ. 40 ಮಿಲಿಮೀಟರ್ ಅಗಲದ ಬ್ಯಾಡ್ಜಿನಲ್ಲಿ ಈ ವ್ಯತ್ಯಾಸ ಅರ್ಧ ಮಿಲಿಮೀಟರಿಗೂ ಹೆಚ್ಚು. ಬರಿಗಣ್ಣಿಗೆ ಕಾಣದು. ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್‌ಗೆ ಸಿಕ್ಕಿಬೀಳುತ್ತದೆ. ಜೊತೆಗೆ ಮೈ ಮೇಲೆ ಮರಳಿನ ತರಿ, ಮೊಂಡಾದ ಅಂಚು, ಅಕ್ಷರಗಳ ನಡುವೆ ತುಂಬಿಕೊಂಡ ಲೋಹ ಇವೂ ಗುಟ್ಟು ಬಿಟ್ಟುಕೊಡುತ್ತವೆ.

ಲೋಹ ಯಾವುದೆಂದು ತಿಳಿಯಲು ಆರ್ಕಿಮಿಡೀಸನ ಪಾಠವೇ ಸಾಕು. ಬ್ಯಾಡ್ಜನ್ನು ದಾರಕ್ಕೆ ಕಟ್ಟಿ ತೂಗಬೇಕು. ಆಮೇಲೆ ನೀರಿನಲ್ಲಿ ಮುಳುಗಿರುವಂತೆ ಹಿಡಿದು ತೂಗಬೇಕು. ಗಾಳಿಯಲ್ಲಿ 17 ಗ್ರಾಂ, ನೀರಿನಲ್ಲಿ 15 ಗ್ರಾಂ ಬಂದರೆ ವ್ಯತ್ಯಾಸ 2. ಹದಿನೇಳನ್ನು ಎರಡರಿಂದ ಭಾಗಿಸಿದರೆ ಎಂಟೂವರೆ. ಅದು ಹಿತ್ತಾಳೆ. ಉತ್ತರ ಎರಡೂಮುಕ್ಕಾಲಿನ ಹತ್ತಿರ ಬಂದರೆ ಅಲ್ಯುಮಿನಿಯಮ್. ತೂಗಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಒಣಗಿಸುವುದನ್ನು ಮರೆಯಬಾರದು. ಬಟ್ಟೆಯ ಬ್ಯಾಡ್ಜನ್ನು ಈ ಪರೀಕ್ಷೆಗೆ ಇಳಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಹುಣಸೆಹಣ್ಣು ಬೇಡ

ಮನೆಗೆ ಹಳೆಯ ಬ್ಯಾಡ್ಜು ಬಂದ ಕೂಡಲೇ ಅಜ್ಜಿಯೋ ಅಮ್ಮನೋ ಮಾಡುವ ಉಪಕಾರ ಒಂದೇ. ದೇವರ ಪಾತ್ರೆಗಳ ಜೊತೆ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುವುದು. ಬಿಲ್ಲೆ ಥಳಥಳಿಸುತ್ತದೆ, ನಿಜ. ಆದರೆ ಹುಳಿಯು ಲೋಹದ ಮೇಲ್ಪದರವನ್ನು ತಿನ್ನುತ್ತದೆ. ವರ್ಷಗಳಿಂದ ಕೂತ ಕಂದು ಹೊದಿಕೆ ಹೋಗಿ ಹೊಸ ಸಾಮಾನಿನಂತೆ ಕಾಣುತ್ತದೆ. ಬಲ್ಲವರ ಕಣ್ಣಿಗೆ ಅದು ನಷ್ಟ.

ಇನ್ನೊಂದು ಸವೆತವಿದೆ. ಅದು ಮಾತ್ರ ಬೆಲೆಯುಳ್ಳದ್ದು. ಪೆರೇಡಿಗೆ ಮುಂಚೆ ದಿನವೂ ಬ್ರಾಸೋ ಹಾಕಿ ತಿಕ್ಕಿ ತಿಕ್ಕಿ, ಆನೆಯ ಕಣ್ಣು ಮಾಸಿರುತ್ತದೆ, ಅಕ್ಷರಗಳು ನುಣುಪಾಗಿರುತ್ತವೆ. ಅದು ಒಬ್ಬ ಮನುಷ್ಯನ ಹೆಬ್ಬೆರಳಿನ ಕೆಲಸ. ಅಂಗಡಿಯಿಂದ ತಂದ ಹೊಸ ಬ್ಯಾಡ್ಜಿನಲ್ಲಿ ಅದು ಸಿಗುವುದಿಲ್ಲ. ಹೀಗಾಗಿ ಒಣಬಟ್ಟೆಯಲ್ಲಿ ಧೂಳು ಒರೆಸಿ ಇಡುವುದಷ್ಟೇ ಸಾಕು. ರಟ್ಟಿನ ಮೇಲೆ ಹತ್ತಿಯ ಬಟ್ಟೆ ಸುತ್ತಿ, ಬ್ಯಾಡ್ಜಿನ ಹಿಂದಿನ ಕುಣಿಕೆಗಳು ಹಿಡಿಯುವಷ್ಟು ತೂತು ಮಾಡಿ ಕೂರಿಸಬಹುದು. ಗೋಂದು ಹಚ್ಚಬಾರದು. ಅಗ್ಗದ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ಒಳಗೇ ತೇವ ಕೂತು ಹಸಿರು ಕಿಲುಬು ಹಿಡಿಯುತ್ತದೆ. ಬಟ್ಟೆಯ ಬ್ಯಾಡ್ಜಿಗೆ ಬಿಸಿಲೂ ನುಸಿಯೂ ಶತ್ರುಗಳು.

ಎಲ್ಲಿಂದ, ಹೇಗೆ?

ಮೊದಲ ಬ್ಯಾಡ್ಜು ಎಷ್ಟೋ ಮಕ್ಕಳ ಬಳಿ ಆಗಲೇ ಇರುತ್ತದೆ. ಅದು ಎನ್.ಸಿ.ಸಿ.ಯದು. 1948ರ ಜುಲೈ 16ರಂದು ಆರಂಭವಾದ ಈ ಸಂಸ್ಥೆಯ ಮೂರು ಬಣ್ಣಗಳಲ್ಲಿ ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಸಂಗ್ರಹವನ್ನು ತನ್ನ ತೋಳಿನ ಮೇಲಿನ ಬ್ಯಾಡ್ಜಿನಿಂದಲೇ ಶುರು ಮಾಡುವುದು ಒಳ್ಳೆಯ ಕ್ರಮ.

ಎರಡನೆಯದು ಬಂಧುಬಳಗ, ನೆರೆಹೊರೆ. ಉತ್ತರ ಬೆಂಗಳೂರಿನಲ್ಲಿ ಯಲಹಂಕ, ಜಾಲಹಳ್ಳಿಗಳ ವಾಯುಪಡೆ ನೆಲೆಗಳ ಸುತ್ತ, ಜೆ.ಸಿ. ನಗರದ ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರದ ಸುತ್ತ ನಿವೃತ್ತ ಯೋಧರ ಮನೆಗಳಿಗೆ ಬರವಿಲ್ಲ. ಕೇಳಿದ ಕೂಡಲೇ ಕೊಡಬೇಕೆಂದೇನಿಲ್ಲ. ಕೊಡದಿದ್ದರೆ ಬೇಸರಪಡಬಾರದು. ಬ್ಯಾಡ್ಜು ಅವರಲ್ಲೇ ಇರಲಿ, ಚಿತ್ರ ಬರೆದುಕೊಂಡು, ಫೋಟೋ ತೆಗೆದುಕೊಂಡು, ಅವರ ಮಾತನ್ನು ಬರೆದುಕೊಂಡರೂ ಅದು ಸಂಗ್ರಹವೇ. ಬೇರೆ ಬೇರೆ ಪಡೆಗಳ ಹಾರಾಟದ ಬಟ್ಟೆಯ ಪ್ಯಾಚುಗಳೂ ಈಗ ಸಂಗ್ರಾಹಕರಿಗೆ ಪ್ರಿಯ. 2016ರಲ್ಲಿ ಬೆಂಗಳೂರಿನಲ್ಲೇ ತೇಜಸ್ ವಿಮಾನಗಳನ್ನು ಪಡೆದ 45ನೆಯ ಸ್ಕ್ವಾಡ್ರನ್ನಿನ ಅಡ್ಡಹೆಸರು ‘ಫ್ಲೈಯಿಂಗ್ ಡ್ಯಾಗರ್ಸ್’, ಹಾರುವ ಬಾಕುಗಳು.

ಮೂರನೆಯದು ಸಂಡೇ ಬಜಾರು ಮತ್ತು ಗುಜರಿ ಅಂಗಡಿಗಳು. ಅಲ್ಲಿಗೆ ಮಕ್ಕಳು ಒಬ್ಬರೇ ಹೋಗುವುದು ತರವಲ್ಲ. ದೊಡ್ಡವರ ಜೊತೆಗೇ ಹೋಗಬೇಕು. ಹತ್ತು ಬ್ಯಾಡ್ಜು ಕೊಂಡು ಮನೆಗೆ ತರುವುದಕ್ಕಿಂತ, ಒಂದನ್ನು ಕೊಂಡು ಅದರ ಹಿನ್ನೆಲೆಯನ್ನು ಲೈಬ್ರರಿಯಲ್ಲಿ ಹುಡುಕಿ ತೆಗೆಯುವವನೇ ಮುಂದೆ ಒಳ್ಳೆಯ ಸಂಗ್ರಾಹಕನಾಗುತ್ತಾನೆ.

ಬ್ಯಾಡ್ಜು ಬೇರೆ, ಪದಕ ಬೇರೆ ಎಂಬ ವಿವೇಕವೂ ಇರಬೇಕು. ಬ್ಯಾಡ್ಜು ದಳದ ಗುರುತು. ಒಂದೇ ಬಗೆಯದು ಸಾವಿರಾರು ಮಂದಿಯ ಟೋಪಿಯ ಮೇಲಿರುತ್ತದೆ. ಪದಕ ಒಬ್ಬನ ಸೇವೆಗೆ, ಒಬ್ಬನ ಶೌರ್ಯಕ್ಕೆ ಸಿಕ್ಕಿದ್ದು. ಸೇವಾ ಪದಕಗಳ ಅಂಚಿನಲ್ಲಿ ಅವನ ನಂಬರು, ಹೆಸರು ಕೊರೆದಿರುತ್ತದೆ. ಗುಜರಿಯಲ್ಲಿ ಹೆಸರುಳ್ಳ ಪದಕವೊಂದು ಸಿಕ್ಕರೆ, ಅದು ಯಾವುದೋ ಮನೆಯಿಂದ ತಪ್ಪಿಸಿಕೊಂಡು ಬಂದದ್ದೆಂದು ತಿಳಿಯಬೇಕು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ತಿಳಿಸಿ ಆ ಮನೆಯವರನ್ನು ಹುಡುಕಲು ನೋಡುವುದು, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕಿಂತ ಮೇಲಾದ ಕೆಲಸ.

ಇಟ್ಟುಕೊಳ್ಳಬಹುದು, ತೊಡಬಾರದು

ಪಾಲಕರು ತಪ್ಪದೆ ತಿಳಿದಿರಬೇಕಾದ ಸಂಗತಿಯೊಂದಿದೆ. ಸೈನಿಕನಲ್ಲದವನು, ತನ್ನನ್ನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೇನೆಯ ಉಡುಪನ್ನೋ ಗುರುತನ್ನೋ ಧರಿಸುವುದು ಅಪರಾಧ. ಹಿಂದೆ ಇದು ಭಾರತೀಯ ದಂಡಸಂಹಿತೆಯ 140ನೆಯ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 168ನೆಯದು. ಮೂರು ತಿಂಗಳವರೆಗೆ ಸೆರೆ, ಇಲ್ಲವೆ ಎರಡು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿಯಾದ ಮೇಲೆ, ಸೇನೆಯ ಮಾದರಿಯ ಬಟ್ಟೆಗಳನ್ನು ಜನ ತೊಡಬಾರದೆಂದು, ಅಂಗಡಿಯವರು ಮಾರಬಾರದೆಂದು ಸೇನೆಯೇ ಕೇಳಿಕೊಂಡಿತ್ತು. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಬ್ಯಾಡ್ಜುಗಳನ್ನು ಜೋಡಿಸಿಡುವುದಕ್ಕೂ, ಹೆಗಲ ಮೇಲೆ ನಕ್ಷತ್ರ ಚುಚ್ಚಿಕೊಂಡು ಬೀದಿಗಿಳಿಯುವುದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ಈಗ ಬಳಕೆಯಲ್ಲಿರುವ ಬ್ಯಾಡ್ಜುಗಳ ಗೋಜಿಗೆ ಹೋಗದೆ ಹಳೆಯವುಗಳಲ್ಲೇ ಉಳಿಯುವುದು ಕ್ಷೇಮ.

ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಪ್ಯಾರಾಶೂಟಿನ ರೆಕ್ಕೆಗಳ ಬ್ಯಾಡ್ಜು ಬೇಕೆಂದರೆ ವಿಮಾನದಿಂದ ಐದು ಸಲ ಧುಮುಕಬೇಕು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯವರಿಗೆ 2011ರಲ್ಲಿ ಪ್ರಾದೇಶಿಕ ಸೇನೆಯ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಸಿಕ್ಕಿತು. ರೆಕ್ಕೆಗಳು ಸಿಕ್ಕಿದ್ದು 2015ರಲ್ಲಿ, ಆಗ್ರಾದಲ್ಲಿ ಐದು ಸಲ ಧುಮುಕಿದ ಮೇಲೆಯೇ. 2019ರ ವಿಶ್ವಕಪ್ಪಿನಲ್ಲಿ ಅವರ ಗ್ಲೌಸಿನ ಮೇಲೆ ಪ್ಯಾರಾ ವಿಶೇಷ ಪಡೆಯ ‘ಬಲಿದಾನ್’ ಚಿಹ್ನೆ ಕಾಣಿಸಿದಾಗ ಊರೆಲ್ಲ ಚರ್ಚೆ. ಆಟದ ಉಡುಪಿನ ನಿಯಮ ಒಪ್ಪದೆಂದು ಐ.ಸಿ.ಸಿ. ಅದನ್ನು ತೆಗೆಸಿತು. ಅಂಗೈಯಗಲದ ಆ ಚಿಹ್ನೆಗೆ ಅಷ್ಟೊಂದು ತೂಕ ಬಂದದ್ದು ಜರಿಯಿಂದಲ್ಲ, ಅದನ್ನು ಗಳಿಸಲು ಸೈನಿಕರು ಪಡುವ ಪಾಡಿನಿಂದ.

ಯಾವ ಸಂಗ್ರಾಹಕನೂ ಆಸೆಪಡಲಾಗದ ಬ್ಯಾಡ್ಜೂ ಒಂದಿದೆ. ಫೀಲ್ಡ್ ಮಾರ್ಷಲ್ ಪದವಿಯದು. ಭಾರತೀಯ ಭೂಸೇನೆಯಲ್ಲಿ ಅದನ್ನು ಧರಿಸಿದವರು ಇಬ್ಬರೇ. 1973ರಲ್ಲಿ ಮಾಣೆಕ್‌ಶಾ, 1986ರಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ. ಕಾರ್ಯಪ್ಪನವರು ಭಾರತೀಯನೊಬ್ಬ ಮೊದಲ ಬಾರಿಗೆ ಸೇನೆಯ ಮಹಾದಂಡನಾಯಕನಾದ 1949ರ ಜನವರಿ 15ನ್ನೇ ಇಂದಿಗೂ ಸೇನಾ ದಿನವೆಂದು ಆಚರಿಸುವುದು. ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಬೇಸಿಗೆ ರಜೆಯಲ್ಲಿ ಕೊಡಗಿಗೆ ಹೋಗುವ ಕುಟುಂಬಗಳು ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬಹುದು. ಮುಟ್ಟಲಾಗದ್ದನ್ನು ಕಣ್ಣಾರೆ ಕಾಣುವುದೂ ಹವ್ಯಾಸದ ಭಾಗವೇ.

ಬದಲಾಗುವ ಮುನ್ನ

ಬ್ಯಾಡ್ಜುಗಳ ಕಾಲ 1950ಕ್ಕೆ ನಿಂತುಹೋಗಿಲ್ಲ. 2023ರ ಆಗಸ್ಟ್ 1ರಿಂದ ಭೂಸೇನೆಯಲ್ಲಿ ಬ್ರಿಗೇಡಿಯರ್ ಮತ್ತು ಮೇಲಿನ ಅಧಿಕಾರಿಗಳಿಗೆಲ್ಲ ಒಂದೇ ಬಗೆಯ ಟೋಪಿ, ಬೆಲ್ಟು, ಹೆಗಲ ಗುರುತು ಬಂದವು. ತಾವು ಬೆಳೆದ ರೆಜಿಮೆಂಟಿನ ಗುರುತುಗಳನ್ನು ಅವರು ತೆಗೆದಿಟ್ಟರು. ಅಷ್ಟು ಮೇಲಕ್ಕೆ ಹೋದವನು ಎಲ್ಲ ರೆಜಿಮೆಂಟುಗಳಿಗೂ ಸೇರಿದವನು ಎಂಬ ಭಾವ. ಅದೇ ವರ್ಷದ ಡಿಸೆಂಬರಿನಲ್ಲಿ ನೌಕಾಪಡೆಯ ಅಡ್ಮಿರಲ್‌ಗಳ ಹೆಗಲ ಪಟ್ಟಿ ಬದಲಾಯಿತು. ಬ್ರಿಟಿಷರ ಕಾಲದಿಂದ ಬಂದ ‘ನೆಲ್ಸನ್ ಉಂಗುರ’ ಹೋಗಿ, ಶಿವಾಜಿ ಮಹಾರಾಜರ ರಾಜಮುದ್ರೆಯನ್ನು ನೆನಪಿಸುವ ಎಂಟು ಮೂಲೆಯ ಗುರುತು ಬಂತು. ಇಂದು ಕಂಡದ್ದು ನಾಳೆ ಚರಿತ್ರೆಯಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಇಂಥ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಅಂಟಿಸಿಡುವ ಹುಡುಗಿಯ ಪುಸ್ತಕಕ್ಕೆ ಇಪ್ಪತ್ತು ವರ್ಷದ ನಂತರ ಬೆಲೆ ಬರುತ್ತದೆ.

“ಇದರಿಂದ ಮಾರ್ಕ್ಸ್ ಬರುತ್ತದೆಯೇ?” ಎಂದು ಕೇಳುವ ತಂದೆತಾಯಿಗಳಿದ್ದಾರೆ. ನೇರವಾಗಿ ಬಾರದು. ಆದರೆ ಕಿರೀಟದಿಂದ ಇಸವಿ ಹೇಳುವ ಹುಡುಗ, ಹೈಫಾ ಎಲ್ಲಿದೆಯೆಂದು ಅಟ್ಲಾಸ್ ತೆರೆಯುವ ಹುಡುಗಿ, ಬಿಲ್ಲೆಯನ್ನು ನೀರಿನಲ್ಲಿ ತೂಗುವ ಗೆಳೆಯರ ಗುಂಪು, ಇವರು ಪಾಠದಿಂದ ದೂರ ಹೋದವರಲ್ಲ. ಖರ್ಚೂ ಹೆಚ್ಚಿನದಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಒಂದು ರಟ್ಟಿನ ಪೆಟ್ಟಿಗೆ, ಒಂದು ಭೂತಗನ್ನಡಿ.

ನೋಟ್‌ಬುಕ್ಕಿನಲ್ಲಿ ಒಂದೊಂದು ಬ್ಯಾಡ್ಜಿಗೆ ಒಂದೊಂದು ಪುಟ. ಯಾವ ದಳದ್ದು, ಯಾವ ಲೋಹ, ಎಷ್ಟು ಅಗಲ, ಎಷ್ಟು ತೂಕ, ಎಂದು ಸಿಕ್ಕಿತು, ಯಾರು ಕೊಟ್ಟರು. ಅದರ ಕೆಳಗೆ ಅರ್ಧ ಪುಟ ಖಾಲಿ ಬಿಡಬೇಕು. ಧರಿಸಿದವರು ಹೇಳಿದ ಮಾತಿಗೆ ಆ ಜಾಗ. ಎಲ್ಲಿ ಡ್ಯೂಟಿ ಇತ್ತು, ಜೊತೆಯಲ್ಲಿ ಯಾರಿದ್ದರು, ಮನೆಯ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು, ಊಟಕ್ಕೆ ರಾಗಿಮುದ್ದೆ ಸಿಗದೆ ಚಪಾತಿಗೆ ಹೇಗೆ ಒಗ್ಗಿಕೊಂಡರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ಹೇಳಲು ಇಷ್ಟಪಡದ್ದನ್ನು ಕೆದಕಬಾರದು. ಯುದ್ಧ ಕಂಡವರಿಗೆ ಹೇಳಲಾಗದ ಮಾತುಗಳೂ ಇರುತ್ತವೆ.

ಬರುವ ಭಾನುವಾರ ಹಬ್ಬವಿಲ್ಲದಿದ್ದರೂ ಟ್ರಂಕಿನ ಮುಚ್ಚಳ ತೆರೆಯಬಹುದು. ಒಳಗಿನಿಂದ ಯಾರು ಕೂಗಿದರೂ ಅಂದು ತಾತ, ಮೊಮ್ಮಗ ಇಬ್ಬರನ್ನೂ ಒಂದು ಗಂಟೆ ಬಿಟ್ಟುಬಿಡಲಿ. ಕಿರೀಟದ ಬಿಲ್ಲೆಯ ಮುತ್ತಾತ ಯಾವ ಊರಿನಲ್ಲಿ ಭರ್ತಿಯಾದರು, ಎಲ್ಲಿಯವರೆಗೆ ಹೋಗಿ ಬಂದರು ಎಂಬುದು ಈಗ ತಾತನೊಬ್ಬರಿಗೇ ಗೊತ್ತು.